10 ಮೈಕ್ರಾನಿನ ತಪ್ಪು ಯಾರದ್ದು?

ಲೆನ್ಸ್ ವಿನ್ಯಾಸ ಮಾಡುವ ಸಾಫ್ಟ್‌ವೇರಿಗೆ ಕೋಡ್ ಬರೆಯೋದು ನನ್ನ ಕೆಲಸ. ಗಾಜಿನ ಬಾಗು, ದಪ್ಪ, ಗಾಜುಗಳ ನಡುವಿನ ಅಂತರ ಇವನ್ನೆಲ್ಲ ಕಂಪ್ಯೂಟರ್ ಚೂರುಚೂರೇ ಬದಲಿಸುತ್ತಾ ಹೋಗುತ್ತದೆ. ಚಿತ್ರ ಎಷ್ಟು ಮಸುಕಾಯ್ತು ಅನ್ನೋದನ್ನ ಒಂದೇ ಅಂಕಿಗೆ ಇಳಿಸಿ, ಆ ಅಂಕಿಯನ್ನು ಸೊನ್ನೆಯತ್ತ ದೂಡುತ್ತದೆ. ಅದಕ್ಕೆ ಮೆರಿಟ್ ಫಂಕ್ಷನ್ ಅಂತ ಹೆಸರು. ಮೆರಿಟ್ ಕಡಿಮೆಯಾದಷ್ಟೂ ಒಳ್ಳೇದು! ಮಾರ್ಕ್ಸ್ ಕಾರ್ಡ್ ಹಿಡಿದು ಊರು ಬಿಟ್ಟು ಬಂದ ನನಗೆ ಇದು ಒಗ್ಗೋಕೆ ಸ್ವಲ್ಪ ಕಾಲ ಹಿಡೀತು.

ಕೆಲಸಕ್ಕೆ ಸೇರಿದ ಮೂರನೇ ವರ್ಷ, ಮೂರು ಗಾಜಿನ ಒಂದು ಲೆನ್ಸನ್ನು ರಾತ್ರಿಯಿಡೀ ಓಡಿಸಿ ತುಂಬಾ ಚಿಕ್ಕ ಅಂಕಿ ತಂದೆ. ಟೀಮಲ್ಲಿ ಚಪ್ಪಾಳೆ. ಆದರೆ ವರ್ಕ್‌ಶಾಪಿನಿಂದ ಬಂದ ಮೊದಲ ಬ್ಯಾಚಿನಲ್ಲಿ ಹತ್ತಕ್ಕೆ ಏಳು ಮಸುಕು. ನಡುವಿನ ಗಾಜು 10 ಮೈಕ್ರಾನಿಗಿಂತ ಹೆಚ್ಚು ಪಕ್ಕಕ್ಕೆ ಸರಿಯಬಾರದು ಅಂತ ಡ್ರಾಯಿಂಗಲ್ಲಿತ್ತು. ಅಳೆದರೆ 15, 20. ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ, ಆದರೂ ತಪ್ಪು ತಪ್ಪೇ. ಅವರು ಒಪ್ಪಿ ಸಹಿ ಹಾಕಿದ್ದರು. 'ಅವರ ಕ್ವಾಲಿಟಿ ಸರಿಯಿಲ್ಲ' ಅಂತ ಮೇಲ್ ಬರೆದವನು ನಾನೇ.

ಮೂರು ಗಾಜಿನ ಈ ಜಾತಿಗೆ ಕುಕ್ ಟ್ರಿಪ್ಲೆಟ್ ಅಂತಾರೆ. 1893ರಲ್ಲಿ ಇಂಗ್ಲೆಂಡಿನ ಡೆನ್ನಿಸ್ ಟೇಲರ್ ಪೇಟೆಂಟ್ ಪಡೆದದ್ದು. ಎರಡು ಉಬ್ಬು ಗಾಜು, ನಡುವೆ ಒಂದು ತಗ್ಗು ಗಾಜು. ಪ್ರತಿ ಗಾಜೂ ದೊಡ್ಡ ದೊಡ್ಡ ತಪ್ಪು ಮಾಡುತ್ತೆ, ಒಂದರ ತಪ್ಪನ್ನು ಇನ್ನೊಂದು ಹೊಡೆದುಹಾಕುತ್ತೆ. ಕಾಗದದ ಮೇಲೆ ಲೆಕ್ಕ ಹೆಚ್ಚುಕಡಿಮೆ ಚುಕ್ತಾ. ನಡುವಿನ ಗಾಜು ಕೂದಲೆಳೆಯಷ್ಟು ಸರಿದರೆ ಸಾಕು, ಸಾಲ ಎಲ್ಲ ಒಟ್ಟಿಗೆ ಎದ್ದು ನಿಲ್ಲುತ್ತೆ. ನನ್ನ ಆಪ್ಟಿಮೈಸರ್ ಮಾಡಿದ್ದು ಇದನ್ನೇ: ಗಾಜುಗಳನ್ನು ಇನ್ನಷ್ಟು ಬಗ್ಗಿಸಿ, ತಪ್ಪುಗಳನ್ನು ಇನ್ನಷ್ಟು ಹಿಗ್ಗಿಸಿ, ಚಂದದ ಸೊನ್ನೆ ತೋರಿಸಿತ್ತು.

ಕೆಲವು ತಿಂಗಳ ನಂತರ ಅದೇ ವಿನ್ಯಾಸವನ್ನು ಕಂಪ್ಯೂಟರಿನಲ್ಲೇ ಸಾವಿರ ಸಲ 'ತಯಾರಿಸಿ' ನೋಡಿದೆ, ಪ್ರತಿ ಸಲವೂ ಕೈಯಿಂದ ಆಗಬಹುದಾದ ಸಣ್ಣಪುಟ್ಟ ಏರುಪೇರು ಬೆರೆಸಿ. ಇದಕ್ಕೆ ಮಾಂಟೆ ಕಾರ್ಲೊ ಅನ್ನುತ್ತಾರೆ. ಹೆಚ್ಚಿನವು ಮಸುಕಾದವು. ಅಂಕಿಯಲ್ಲಿ ಸ್ವಲ್ಪ ಹಿಂದಿದ್ದ, ನಾನು ಬಿಸಾಕಿದ್ದ ಇನ್ನೊಂದು ವಿನ್ಯಾಸ ಮಾತ್ರ ಅಲ್ಲಾಡಲಿಲ್ಲ. ಅರ್ಧ ಗಂಟೆಯ ಕೆಲಸ. ಮೇಲ್ ಬರೆಯೋ ಮೊದಲೇ ಮಾಡಬಹುದಿತ್ತು.

ಹಾಗಂತ ಮಾಡುವವರದ್ದು ಏನೂ ಜವಾಬ್ದಾರಿ ಇಲ್ಲ ಅಂತಲ್ಲ. ಕೆಲವು ಉಪಕರಣಗಳಿಗೆ ಆ ಬಿಗಿ ನಿಜಕ್ಕೂ ಬೇಕು. ಬೇಕಾದರೆ ಅದಕ್ಕೆ ತಕ್ಕ ದುಡ್ಡು, ಸಮಯ ಕೊಡಬೇಕು. ನಾನು ಎರಡನ್ನೂ ಕೊಟ್ಟಿರಲಿಲ್ಲ. ನನಗೆ ಬೇಕಾಗಿದ್ದದ್ದು ಚಪ್ಪಾಳೆ. ಒಪ್ಪಿ ಸಹಿ ಹಾಕಿದ್ದರಲ್ಲ ಅಂತೀರಾ? ಆರ್ಡರ್ ಬೇಕಾದವರು ಯಾವುದಕ್ಕೆ ಸಹಿ ಹಾಕಲ್ಲ ಹೇಳಿ.

ಈ ಕಸುಬಿನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ರೂಢಿಯಿದೆ. ಗಾಜಿನ ಎರಡೂ ಬದಿಯ ಉಬ್ಬು ಹೆಚ್ಚುಕಡಿಮೆ ಒಂದೇ ಥರ ಬಂದರೆ, ಎರಡನ್ನೂ ಪೂರ್ತಿ ಸಮ ಮಾಡಿಬಿಡಬೇಕು. ಇಲ್ಲದಿದ್ದರೆ ಜೋಡಿಸುವವರಿಗೆ ಯಾವುದು ಮುಂದು, ಯಾವುದು ಹಿಂದು ಅಂತ ಕಣ್ಣಿಗೆ ಗೊತ್ತಾಗಲ್ಲ, ತಿರುಗಾಮುರುಗಾ ಕೂರಿಸಿಬಿಡುತ್ತಾರೆ. ಸಮ ಮಾಡಿದರೆ ಹೇಗೆ ಕೂರಿಸಿದರೂ ಸರಿ. ಅಂಕಿ ಚೂರು ಕೆಡುತ್ತೆ, ಅಷ್ಟೆ. ನಮ್ಮೂರ ಆಚಾರ್ರು ಬಾಗಿಲಿಗೆ ಸಂದು ಬಿಟ್ಟಾಗ, ಬೇಸಿಗೇಲಿ ಗಾಳಿ ಬರುತ್ತೆ ಅಂತ ಅಪ್ಪ ಗೊಣಗುತ್ತಿದ್ದರು. ಮಳೆಗಾಲದಲ್ಲಿ ಮರ ಊದಿಕೊಂಡಾಗ ಬಾಗಿಲು ಸಲೀಸಾಗಿ ಹಾಕಿಕೊಳ್ಳುತ್ತಿತ್ತು.

ನಾನೀಗ ಸಾವಿರ ಸಲ ತಯಾರಿಸಿ ನೋಡದೆ ಯಾವ ಡ್ರಾಯಿಂಗನ್ನೂ ಕಳಿಸಲ್ಲ. ಆದರೆ ಆ ಮೇಲ್ ಇನ್ನೂ ಸೆಂಟ್ ಫೋಲ್ಡರಿನಲ್ಲಿದೆ. ಆ ವರ್ಕ್‌ಶಾಪಿಗೆ ನಮ್ಮಿಂದ ಮತ್ತೆ ಆರ್ಡರ್ ಹೋಗಲಿಲ್ಲ.