ಹೋಗಿ ನೋಡುವುದು

ಯೌವನಸ್ಥರೇ, ಅಪೊಸ್ತಲರ ಕೃತ್ಯಗಳು 15:36 ತೆಗೀರಿ. ಸುವಾರ್ತೆ ಸಾರಿದ ಊರುಗಳಿಗೆ ಮತ್ತೊಮ್ಮೆ ಹೋಗಿ ಬರುವ ಮನಸ್ಸು ಪೌಲನಿಗೆ. ಪತ್ರ ಬರೆಯೋದ್ರಲ್ಲಿ ಅವನಿಗಿಂತ ಗಟ್ಟಿಗರು ಯಾರು ಹೇಳಿ? ಆದ್ರೂ ಎದ್ದು ಹೊರಟ.

ಕಳೆದ ತಿಂಗಳು ಒಬ್ಬನೇ ಬೈಕಲ್ಲಿ ಒಂದು ವಾರ ಸುತ್ತಿದೆ. ಮೊದಲನೇ ದಿನದ್ದು ಮಾತ್ರ ಹೇಳ್ತೀನಿ. ನಸುಕಿಗೇ ಬೆಂಗಳೂರು ಬಿಟ್ಟು, ತುಮಕೂರು ದಾಟಿ, ತಿಪಟೂರಲ್ಲಿ ಬೈಬಲ್ ಕಾಲೇಜಿನ ಗೆಳೆಯನ ಮನೆಗೆ ಹೋದೆ. ಫೋನಲ್ಲಿ ಯಾವಾಗಲೂ "ಸ್ತೋತ್ರ ಬ್ರದರ್, ಚೆನ್ನಾಗಿದ್ದೀನಿ" ಅನ್ನೋನು. ನೋಡಿದ್ರೆ, ಕೊಬ್ಬರಿ ಮೂಟೆ ಹೊತ್ತು ಬೆನ್ನು ಹಿಡಿದು ಮಲಗಿದ್ದಾನೆ. ಮೂರು ತಿಂಗಳಿಂದ ಸಭೆಗೂ ಹೋಗಿಲ್ಲ. ಅವನ ಹೆಂಡತಿ ಟೀ ಕೊಟ್ಟು ಒಳಗೆ ಹೋಗಿ ಅತ್ತರು. ನಾನು ವಾಕ್ಯ ಹೇಳಲಿಲ್ಲ. ಚಾಪೆ ಮೇಲೆ ಅವನ ಪಕ್ಕ ಕೂತೆ. ಆಮೇಲೆ ಅವನೇ ಕೈ ಹಿಡಿದು, "ಪ್ರಾರ್ಥನೆ ಮಾಡಪ್ಪ" ಅಂದ.

ಅರಸೀಕೆರೆ, ಕಡೂರು, ತರೀಕೆರೆ ಉದ್ದಕ್ಕೂ ಹೆಲ್ಮೆಟ್ಟೊಳಗೇ ಪ್ರಾರ್ಥನೆ. ಯಾಕಂದ್ರೆ ಮುಂದಿನ ಮನೆ ಭದ್ರಾವತಿಯ ದೊಡ್ಡಪ್ಪನದು. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ ಗಟ್ಟಿ ಮನುಷ್ಯ. ನಾನು ದೀಕ್ಷಾಸ್ನಾನ ತಗೊಂಡಾಗ ಮಾತು ಬಿಟ್ಟವರು, ಒಂಬತ್ತು ವರ್ಷ ಆಯ್ತು.

ಬಾಗಿಲು ತೆಗೆದು ಸುಮ್ಮನೆ ನನ್ನನ್ನೇ ನೋಡಿದರು. ಆಮೇಲೆ ಆಕಾಶ ನೋಡಿದರು.

"ಗಾಡಿ ಒಳಗೆ ನಿಲ್ಲಿಸೋ. ಮಳೆ ಬರೋ ಹಾಗಿದೆ."