ಪಂಕ್ತಿಯಿಂದ ಏಳುವ ಮುನ್ನ

ಸಾಗರದ ಹತ್ತಿರದ ಹಳ್ಳಿಯಲ್ಲಿ ನನ್ನ ಅತ್ತೆಯ ಮನೆ. ಅಲ್ಲಿ ಒಂದು ಪದ್ಧತಿಯಿತ್ತು. ಪಂಕ್ತಿಯಲ್ಲಿ ಊಟಕ್ಕೆ ಕೂತವರು ತಮ್ಮ ಎಲೆ ಖಾಲಿಯಾಯಿತೆಂದು ಎದ್ದುಬಿಡುವಂತಿರಲಿಲ್ಲ. ಕೊನೆಯ ಎಲೆಯಲ್ಲಿ ಹಲ್ಲಿಲ್ಲದ ಅಜ್ಜನೊಬ್ಬ ಮಜ್ಜಿಗೆ ಅನ್ನ ಕಲಸುತ್ತಿದ್ದರೆ ಉಳಿದವರೆಲ್ಲ ಕೈ ಒಣಗಿಸಿಕೊಂಡು ಕೂತಿರಬೇಕು. ಹಿರಿಯರೊಬ್ಬರು ಸಾಲನ್ನೊಮ್ಮೆ ನೋಡಿ, “ಏಳೋಣವೇ?” ಎಂದು ಕೇಳಬೇಕು. ಯಾರೂ “ತಡೀರಿ” ಎನ್ನದಿದ್ದರೆ ಮಾತ್ರ ಎಲ್ಲರೂ ಏಳುವುದು. ಮದುವೆಯಾದ ಹೊಸದರಲ್ಲಿ ನನಗೆ ಇದೊಂದು ಪೀಡೆಯೆನಿಸುತ್ತಿತ್ತು. ನನ್ನ ಊಟ ನನ್ನದು, ಅವರ ಊಟ ಅವರದು, ಇದರಲ್ಲಿ ಕೇಳುವುದೇನಿದೆ ಎಂದುಕೊಳ್ಳುತ್ತಿದ್ದೆ.

ಕೇಳುವುದೇನಿದೆ ಎಂಬುದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಅದೂ ಊಟದ ಸಾಲಿನಲ್ಲಲ್ಲ, ಕಂಪ್ಯೂಟರಿನ ಮುಂದೆ. ತಿಳಿಯುವಷ್ಟರಲ್ಲಿ ನಾನೊಂದು ತಪ್ಪು ಮಾಡಿ ಆಗಿತ್ತು.

ಅತ್ತೆಗೆ ನೂರಾರು ಹಾಡು ಬರುತ್ತಿತ್ತು. ಹಸೆ ಹಾಡು, ಆರತಿ ಹಾಡು, ಬೀಗಿತ್ತಿಯನ್ನು ಗೋಳುಹೊಯ್ಯುವ ಹಾಡು. ಯಾವುದೂ ಪುಸ್ತಕದಲ್ಲಿ ಇದ್ದದ್ದಲ್ಲ. 2019ರ ಚಳಿಗಾಲದಲ್ಲಿ ಅವರು ನಮ್ಮೊಡನೆ ಶಿವಮೊಗ್ಗದಲ್ಲಿದ್ದಾಗ, ಸಂಜೆ ದೀಪ ಹಚ್ಚಿದ ಮೇಲೆ ದಿನಕ್ಕೆ ಒಂದೋ ಎರಡೋ ಹಾಡನ್ನು ನನ್ನ ಮೊಬೈಲಿನಲ್ಲಿ ಹಿಡಿದಿಟ್ಟೆ. ಒಟ್ಟು ನಲವತ್ತೊಂದು ಹಾಡು. ಮೊಬೈಲು ಜಾಗವಿಲ್ಲವೆಂದು ಗೊಣಗತೊಡಗಿದಾಗ ಎಲ್ಲವನ್ನೂ ಮಗಳು ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪಿನ ಮೂಲಕ ಪೆನ್ ಡ್ರೈವಿಗೆ ಹಾಕಿದೆ. ಹಸಿರು ಪಟ್ಟಿ ಕೊನೆಯವರೆಗೆ ಓಡಿತು, ಮಾಯವಾಯಿತು. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಪೆನ್ ಡ್ರೈವನ್ನು ಸೆಳೆದು ಡಬ್ಬಿಗೆ ಹಾಕಿ, ಮೊಬೈಲಿನಲ್ಲಿದ್ದುದನ್ನೆಲ್ಲ ಅಳಿಸಿ ಒಳಗೆ ಓಡಿದೆ.

ತಿಂಗಳ ಮೇಲೆ ಹಾಕಿ ನೋಡಿದರೆ ಮೂವತ್ತೇಳು ಹಾಡು ಕೇಳುತ್ತಿತ್ತು. ಉಳಿದ ನಾಲ್ಕಕ್ಕೆ ಹೆಸರಿತ್ತು, ಹಾಡಿರಲಿಲ್ಲ. ಪಕ್ಕದಲ್ಲಿ ಗಾತ್ರ ಸೊನ್ನೆ ಎಂದು ಬರೆದಿತ್ತು. ಹೋಗಲಿ, ಇನ್ನೊಮ್ಮೆ ಹಾಡಿಸಿಕೊಂಡರಾಯಿತು ಎಂದುಕೊಂಡೆ. ಅದೇ ಬೇಸಿಗೆಯಲ್ಲಿ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ತೊದಲು ಮಾತೂ ಉಳಿಯಿತು. ರಾಗ ಹೋಯಿತು.

ಹಾಸಿಗೆಯಲ್ಲಿ ಮಲಗಿದ್ದ ಅವರಿಗೆ ಅವರದೇ ಹಾಡು ಕೇಳಿಸುತ್ತಿದ್ದೆ. ಒಂದು ದಿನ ಅವರು ಕಷ್ಟಪಟ್ಟು ಕೇಳಿದರು, “ಎಲ್ಲ ಇದೆಯೇನೇ?”

“ಎಲ್ಲ ಇದೆ ಅತ್ತೆ,” ಎಂದೆ.

ಈ ಬರಹ ಆ ಮೂರು ಮಾತಿನ ಬಗ್ಗೆ. ಆದರೆ ಅಲ್ಲಿಗೆ ಹೋಗುವ ಮೊದಲು, ನನ್ನ ಕೈಯಲ್ಲಿ ಆ ದಿನ ಆದದ್ದೇನು ಎಂಬುದನ್ನು ಹೇಳಬೇಕು. ಅದನ್ನು ನನಗೆ ತಿಳಿಸಿಕೊಟ್ಟವಳು ಮಗಳು.

“ಹಸಿರು ಪಟ್ಟಿ ಹೋಯಿತಲ್ಲ, ಮುಗಿದಿರಲಿಲ್ಲವೇ?” ಎಂದು ಕೇಳಿದೆ.

“ಮುಗಿದದ್ದು ಪಟ್ಟಿಯ ಕೆಲಸ ಅಮ್ಮ, ಬರೆಯೋ ಕೆಲಸ ಅಲ್ಲ,” ಎಂದಳು. ಆ ಲ್ಯಾಪ್‌ಟಾಪಿನಲ್ಲಿ ಇರುವುದು ಲಿನಕ್ಸ್. ನಾವು ಕಡತವೊಂದನ್ನು ನಕಲು ಮಾಡಿದಾಗ ಅದು ಮೊದಲು ಯಂತ್ರದ ನೆನಪಿನಲ್ಲಿ ಕೂರುತ್ತದೆ. ಅಷ್ಟಕ್ಕೇ ನಮಗೆ ‘ಆಯಿತು’ ಎಂಬ ಉತ್ತರ ಬಂದುಬಿಡುತ್ತದೆ. ಪೆನ್ ಡ್ರೈವಿನ ಮೇಲೆ ನಿಜವಾಗಿ ಬರೆಯುವುದು ಆಮೇಲೆ, ಹಿಂದುಗಡೆ, ಅದರದೇ ಬಿಡುವಿನಲ್ಲಿ. ಸಾಮಾನ್ಯವಾಗಿ ಇಟ್ಟಿರುವ ಲೆಕ್ಕದಲ್ಲಿ ಬರಹವೊಂದು 30 ಸೆಕೆಂಡಿನವರೆಗೂ ಹಾಗೆಯೇ ಕಾದು ಕೂತಿರಬಹುದು. ಪೆನ್ ಡ್ರೈವು ನಿಧಾನದ್ದಾದರೆ ಎಲ್ಲ ಬರೆದು ಮುಗಿಯಲು ನಿಮಿಷಗಳೇ ಬೇಕು.

ನನಗೆ ಇದು ಚೆನ್ನಾಗಿ ಅರ್ಥವಾಯಿತು. ಅಡುಗೆಮನೆಯಲ್ಲಿ ಬಾಳಿದ ಯಾವ ಹೆಂಗಸಿಗೆ ಅರ್ಥವಾಗದು ಹೇಳಿ? ಉಂಡವರು ಕೈ ತೊಳೆದು “ಊಟ ಆಯಿತು” ಎನ್ನುತ್ತಾರೆ. ಅವರ ಮಟ್ಟಿಗೆ ಅದು ನಿಜವೇ. ಒಳಗೆ ಇನ್ನೂ ಮಿಕ್ಕ ಅನ್ನ ತೆಗೆದಿಡಬೇಕು, ಹಾಲಿಗೆ ಹೆಪ್ಪು ಹಾಕಬೇಕು, ಪಾತ್ರೆ ತೊಳೆಯಬೇಕು, ಗೋಮಯ ಹಚ್ಚಬೇಕು. ಊಟ ಮುಗಿದ ಒಂದು ಗಂಟೆಯ ಮೇಲೆ ಊಟ ಮುಗಿಯುತ್ತದೆ. ಹೊರಗಿನ ‘ಆಯಿತು’ ಮತ್ತು ಒಳಗಿನ ‘ಆಯಿತು’ ಬೇರೆ ಬೇರೆ ಎಂದು ಜೀವನವಿಡೀ ಬಲ್ಲ ನಾನೇ ಅಂದು ಹೊರಗಿನದನ್ನು ನಂಬಿ ಎದ್ದು ಹೋಗಿದ್ದೆ.

ಹಾಗಾದರೆ ಏಳುವ ಮುನ್ನ ಕೇಳುವುದು ಹೇಗೆ? ತೆರೆಯ ಮೇಲೆ ಅದಕ್ಕೊಂದು ಚಿಕ್ಕ ಚಿತ್ರವಿದೆ, ಒತ್ತಿದರಾಯಿತು. ಮಗಳು ಅದನ್ನು ಬಿಟ್ಟು ಟರ್ಮಿನಲ್ ಎಂಬ ಕರಿಯ ಕಿಟಕಿಯನ್ನು ತೆರೆದಳು. “ಇಲ್ಲಿ ಬರೆದು ಕೇಳು. ಏನು ನಡೀತಿದೆ ಅಂತ ಅದೇ ಹೇಳುತ್ತೆ,” ಎಂದಳು. ಅಲ್ಲಿ ‘ಯುಮೌಂಟ್’ ಎಂದು ಬರೆದು, ಪೆನ್ ಡ್ರೈವ್ ಇರುವ ಜಾಗದ ಹೆಸರು ಕೊಟ್ಟು ಎಂಟರ್ ಒತ್ತಬೇಕು. ಅನ್‌ಮೌಂಟ್ ಎಂಬುದರಲ್ಲಿ ಒಂದು ಅಕ್ಷರ ನುಂಗಿಹೋಗಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮುಂತಾದವರು ಕಟ್ಟಿದ ಯುನಿಕ್ಸ್‌ನ 1971ರ ಮೊದಲ ಕೈಪಿಡಿಯಲ್ಲೇ ಅದು ಹೀಗೆ ಇದೆ. ಅಂದಿನಿಂದ ಯಾರೂ ತಿದ್ದಿಲ್ಲ. ಈ ಆಜ್ಞೆ ಕೊಟ್ಟರೆ ಯಂತ್ರ ಬಾಕಿಯಿದ್ದುದನ್ನೆಲ್ಲ ಬರೆದು ಮುಗಿಸಿ ಆಮೇಲೆ ಪೆನ್ ಡ್ರೈವಿನ ಕೈ ಬಿಡುತ್ತದೆ. ಮುಗಿಯುವವರೆಗೆ ತೆರೆ ಸುಮ್ಮನೆ ನಿಂತಿರುತ್ತದೆ. ಮುಗಿದ ಮೇಲೂ ‘ಆಯಿತು’ ಎನ್ನುವುದಿಲ್ಲ. ಮುಂದಿನ ಸಾಲಿಗೆ ಜಾಗ ಬಿಟ್ಟುಕೊಡುತ್ತದೆ, ಅಷ್ಟೆ. ಆಮೇಲೆ ಇಜೆಕ್ಟ್ ಎಂಬ ಇನ್ನೊಂದು ಆಜ್ಞೆಯೂ ಇದೆ. ಸಿ.ಡಿ.ಯ ತಟ್ಟೆ ಹೊರಗೆ ಚಾಚಿಕೊಳ್ಳುವುದು ಅದರಿಂದಲೇ.

ಈ ವಿಷಯ ಕೇಳಿದ ಮೇಲೆ ಇನ್ನೊಂದು ಸ್ವಾರಸ್ಯ ತಿಳಿಯಿತು. ಯುನಿಕ್ಸ್‌ನಲ್ಲಿ ‘ಸಿಂಕ್’ ಎಂಬ ಆಜ್ಞೆಯಿದೆ. ನೆನಪಿನಲ್ಲಿರುವುದನ್ನೆಲ್ಲ ಬರೆದುಬಿಡು ಎಂದು ಅದರ ಅರ್ಥ. ಹಿಂದಿನ ಯಂತ್ರಗಳಲ್ಲಿ ಅದು ಕೆಲಸವನ್ನು ಶುರು ಮಾಡಿಸಿ, ಮುಗಿಯುವ ಮೊದಲೇ ‘ಹೂಂ’ ಎಂದುಬಿಡುತ್ತಿತ್ತು. ಅದನ್ನು ಬಲ್ಲ ಹಳೆಯ ಕೆಲಸಗಾರರು ಯಂತ್ರ ನಿಲ್ಲಿಸುವ ಮುನ್ನ ಸಿಂಕ್ ಎಂದು ಮೂರು ಸಲ, ಮೂರು ಸಾಲಿನಲ್ಲಿ ಟೈಪು ಮಾಡುತ್ತಿದ್ದರಂತೆ. ಮೂರರಲ್ಲಿ ಮಂತ್ರವೇನೂ ಇಲ್ಲ. ಎರಡನೆಯದನ್ನೂ ಮೂರನೆಯದನ್ನೂ ಟೈಪು ಮಾಡುವಷ್ಟು ಹೊತ್ತಿನಲ್ಲಿ ಮೊದಲನೆಯದು ಮುಗಿಯುತ್ತದೆ ಎಂಬ ಲೆಕ್ಕ. ನಮ್ಮಲ್ಲಿ ನೆಂಟರು ಹೊರಡುವಾಗ “ಬರ್ತೇವೆ” ಎಂದು ಒಳಗೊಮ್ಮೆ, ಜಗುಲಿಯಲ್ಲೊಮ್ಮೆ, ದಣಪೆ ದಾಟುವಾಗೊಮ್ಮೆ ಹೇಳುವುದಿಲ್ಲವೇ? ಕುಂಕುಮದ ಬಟ್ಟಲು ಹುಡುಕಲು, ಮಗುವಿನ ಕೈಗೆ ಹತ್ತು ರೂಪಾಯಿ ಇಡಲು, ಹೇಳಲು ಮರೆತ ಒಂದು ಮಾತನ್ನು ಹೇಳಲು ಅಷ್ಟು ಹೊತ್ತು ಬೇಕು. ಈಗಿನ ಲಿನಕ್ಸ್‌ನಲ್ಲಿ ಸಿಂಕ್ ಕೆಲಸ ಮುಗಿಯುವವರೆಗೆ ಕಾಯುತ್ತದೆ, ಒಂದೇ ಸಲ ಸಾಕು.

ಒಮ್ಮೆ ನಾನು ಯುಮೌಂಟ್ ಎಂದು ಬರೆದಾಗ ಉತ್ತರ ಬಂತು: ‘ಟಾರ್ಗೆಟ್ ಈಸ್ ಬ್ಯುಸಿ.’ ಯಾರೋ ಅದನ್ನು ಹಿಡಿದುಕೊಂಡಿದ್ದಾರೆ, ಬಿಡುವಂತಿಲ್ಲ ಎಂದು. ಎಲ್ಲ ಕಿಟಕಿಗಳನ್ನೂ ಮುಚ್ಚಿದೆ. ಮತ್ತೆ ಅದೇ ಉತ್ತರ. ಸಿಟ್ಟು ಬಂತು. ಮಗಳಿಗೆ ಫೋನು ಮಾಡಿದರೆ, “ಯಾರು ಹಿಡಿದಿದ್ದಾರೆ ಅಂತ ಅದನ್ನೇ ಕೇಳಮ್ಮ,” ಎಂದಳು. ಫ್ಯೂಸರ್ ಎಂಬ ಆಜ್ಞೆಯಿಂದ ಕೇಳಿದೆ. ಬಂದ ಪಟ್ಟಿಯಲ್ಲಿ ಒಂದೇ ಹೆಸರಿತ್ತು. ಅದು ನಾನು ಟೈಪು ಮಾಡುತ್ತಿದ್ದ ಅದೇ ಕರಿಯ ಕಿಟಕಿ! ಹಾಡಿನ ಪಟ್ಟಿ ನೋಡಲೆಂದು ಪೆನ್ ಡ್ರೈವಿನ ಒಳಕ್ಕೆ ಹೋದವಳು ಹೊರಗೆ ಬಂದಿರಲೇ ಇಲ್ಲ. ಕೋಣೆಯ ನಡುವೆ ನಿಂತುಕೊಂಡು, ಕೋಣೆಗೆ ಬೀಗ ಹಾಕಲು ಯಾರು ಬಿಡುತ್ತಿಲ್ಲ ಎಂದು ಕೂಗಾಡುತ್ತಿದ್ದೆ. ಸಿ.ಡಿ. ಎಂಬ ಎರಡಕ್ಷರ ಟೈಪು ಮಾಡಿ ಹೊರಗೆ ಬಂದೆ. ಮರುಕ್ಷಣ ಅದು ಬಿಟ್ಟಿತು.

ಇಲ್ಲಿ ನೀವೊಂದು ಪ್ರಶ್ನೆ ಕೇಳಬಹುದು. ಎಲ್ಲರೂ ಕೈಬಿಡುವವರೆಗೆ ಕಾಯಬೇಕೆಂದರೆ, ಬಿಡದೆ ಹಿಡಿದುಕೊಂಡವರ ಗತಿಯೇನು? ಹೆಣ್ಣುಮಕ್ಕಳಿಗೆ ಇದು ಬರಿಯ ಕಂಪ್ಯೂಟರಿನ ಪ್ರಶ್ನೆಯಲ್ಲ. “ಇನ್ನೊಂದು ವರ್ಷ ತಡಿ, ನಾದಿನಿಯ ಮದುವೆ ಆಗಲಿ,” “ಮಾವನವರ ಕಾಲವಾಗಲಿ,” ಎಂದು ಓದನ್ನೋ ಕೆಲಸವನ್ನೋ ಮುಂದೂಡಿಸಿಕೊಂಡು ಹಣ್ಣಾದವರು ನಮ್ಮ ನಡುವೆ ಎಷ್ಟು ಮಂದಿ! ಎಲ್ಲರ ಊಟವಾಗಲಿ ಎಂದು ಕಾದವಳಿಗೆ ಕೊನೆಗೆ ತಳದ ಸೀಕಲು ಮಾತ್ರ ಉಳಿಯುವುದೂ ಉಂಟು. ಕಾಯುವುದೇ ಧರ್ಮವೆಂದು ನಾನು ಬರೆದರೆ ಅದು ಸುಳ್ಳಾಗುತ್ತದೆ.

ಯಂತ್ರ ಕಟ್ಟಿದವರೂ ಇದನ್ನು ಬಲ್ಲರು. ಬಲವಂತದ ದಾರಿಗಳನ್ನು ಅವರು ಇಟ್ಟೇ ಇದ್ದಾರೆ. ಯುಮೌಂಟ್‌ಗೆ ಒಂದು ಸಣ್ಣ ಗುರುತು ಸೇರಿಸಿದರೆ ಪೆನ್ ಡ್ರೈವಿನ ಹೆಸರು ಕೂಡಲೇ ಪಟ್ಟಿಯಿಂದ ಕಳಚಿಹೋಗುತ್ತದೆ. ಒಳಗೆ ಹಿಡಿದುಕೊಂಡವರು ಮಾತ್ರ ತಮ್ಮ ಕೆಲಸ ಮುಗಿದಾಗಲೇ ಬಿಡುವುದು. ಅದಕ್ಕೆ ‘ಸೋಮಾರಿ’ ವಿಧಾನ ಎಂದೇ ಹೆಸರು. ಅದರಲ್ಲಿ ಅಪಾಯವೊಂದಿದೆ. ಹೆಸರು ಹೋಗಿರುವುದರಿಂದ ಎಲ್ಲ ಮುಗಿದಂತೆ ಕಾಣುತ್ತದೆ, ಮುಗಿದಿದೆಯೋ ಇಲ್ಲವೋ ಮೇಲಿನಿಂದ ನೋಡಿದವರಿಗೆ ಗೊತ್ತಾಗದು. 1984ರ ಮೊದಲ ಮ್ಯಾಕಿಂಟೋಷ್‌ನಲ್ಲಂತೂ ಫ್ಲಾಪಿ ತೆಗೆಯಲು ಹೊರಗೆ ಗುಂಡಿಯೇ ಇರಲಿಲ್ಲ, ಯಂತ್ರವನ್ನೇ ಕೇಳಬೇಕಿತ್ತು. ಆದರೂ ಪಕ್ಕದಲ್ಲಿ ಒಂದು ಸೂಜಿರಂಧ್ರ ಬಿಟ್ಟಿದ್ದರು. ಯಂತ್ರ ಮಾತು ಕೇಳದಿದ್ದರೆ ಕಾಗದಕ್ಕೆ ಹಾಕುವ ಪಿನ್ನೊಂದನ್ನು ನೆಟ್ಟಗೆ ಮಾಡಿ ಅದರೊಳಗೆ ಚುಚ್ಚಬಹುದಿತ್ತು.

ಆ ರಂಧ್ರ ಬೇಕು. ಬಿಡಿಸಿಕೊಂಡು ಹೋಗುವ ಹಕ್ಕು ಎಲ್ಲರಿಗೂ ಇದೆ, ಹಿಡಿದುಕೊಂಡವರು ಅನ್ಯಾಯವಾಗಿ ಹಿಡಿದಿದ್ದರೆ ಚುಚ್ಚಿಯೇ ಹೋಗಬೇಕು. ಆದರೆ ಮೊದಲು ಕೇಳಬೇಕು. ಯಾರು ಹಿಡಿದಿದ್ದಾರೆ, ಏತಕ್ಕೆ ಹಿಡಿದಿದ್ದಾರೆ, ಹಿಡಿದವಳು ನಾನೇ ಅಲ್ಲವಷ್ಟೆ ಎಂದು ನೋಡಿಕೊಳ್ಳಬೇಕು. ಹಾಗೆ ನೋಡಿ, ನಷ್ಟ ಎಷ್ಟೆಂದು ತಿಳಿದು ಎದ್ದು ಹೋದವಳು ತನ್ನ ನಷ್ಟಕ್ಕೆ ತಾನು ಹೊಣೆಯಾಗುತ್ತಾಳೆ. ನಾನು ಅಂದು ಹಾಗೆ ಮಾಡಲಿಲ್ಲ. ನನ್ನನ್ನು ಯಾರೂ ಹಿಡಿದಿರಲಿಲ್ಲ, ಸಾರು ಉಕ್ಕುತ್ತಿತ್ತು, ಅಷ್ಟೆ.

ತಿಳಿಯದೆ ಮಾಡಿದ್ದು ತಪ್ಪೇ ಎಂದು ಬಹಳ ದಿನ ನನ್ನನ್ನೇ ಕೇಳಿಕೊಂಡೆ. ಯಂತ್ರ ‘ಆಯಿತು’ ಎಂದದ್ದನ್ನು ನಂಬಿದೆ, ನಂಬಿದ್ದು ಅಪರಾಧವೇ? ಅಲ್ಲವೆಂದೇ ಈಗಲೂ ತೋರುತ್ತದೆ. ಆ ರೀತಿ ಕಳೆದುಕೊಂಡವರು ನಾನೊಬ್ಬಳೇ ಅಲ್ಲ. ವಿಂಡೋಸ್ ಕಂಪ್ಯೂಟರುಗಳಲ್ಲಿ 2018ರ ಕೊನೆಯ ಆವೃತ್ತಿಯಿಂದ ಪೆನ್ ಡ್ರೈವಿಗೆ ಬರೆಯುವುದನ್ನು ಹೀಗೆ ಕಾಯಿಸಿ ಇಡದೆ ಆಗಿಂದಾಗಲೇ ಬರೆಯುವ ಕ್ರಮವನ್ನು ರೂಢಿಗೆ ತಂದರು. ಮನುಷ್ಯರು ಕೇಳದೆ ಎಳೆಯುತ್ತಾರೆ ಎಂದು ಯಂತ್ರವೇ ಸೋತು ತನ್ನ ನಡೆಯನ್ನು ಬದಲಿಸಿಕೊಂಡಿತು ಎನ್ನೋಣ. ನಕಲು ನಡೆಯುತ್ತಿರುವಾಗ ಎಳೆದರೆ ಅಲ್ಲೂ ಹಾಳೇ.

ಆದರೆ “ಎಲ್ಲ ಇದೆ ಅತ್ತೆ” ಎಂದದ್ದು ತಿಳಿಯದೆ ಮಾಡಿದ್ದಲ್ಲ. ಇಲ್ಲವೆಂದು ಗೊತ್ತಿದ್ದೇ ‘ಆಯಿತು’ ಎಂದೆ. ಕಾಯಿಲೆಯವರ ಮನಸ್ಸು ನೋಯಬಾರದೆಂದು ಹೇಳಿದೆ ಎಂದು ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ನನ್ನ ಮುಖ ಉಳಿಸಿಕೊಳ್ಳುವ ಆಸೆಯೂ ಅದರಲ್ಲಿತ್ತು. ಯಂತ್ರ ‘ಬ್ಯುಸಿ’ ಎಂದಾಗ ಸಿಟ್ಟು ಮಾಡಿಕೊಂಡವಳು ನಾನು. ಆ ಸಂಜೆ ಕರಿಯ ಕಿಟಕಿಯ ಮುಂದೆ ಕೂತಾಗ ಅನಿಸಿತು, ಇದು ಮುಗಿಯದ್ದನ್ನು ಮುಗಿದಿಲ್ಲ ಎನ್ನುತ್ತದೆ, ನಾನು ಅಷ್ಟೂ ಹೇಳಲಿಲ್ಲ.

ಮರುದಿನ ಅತ್ತೆಯ ತಲೆ ಬಾಚುತ್ತಾ ಹೇಳಿಬಿಟ್ಟೆ. “ಅತ್ತೆ, ನಾಲ್ಕು ಹಾಡು ಹೋಗಿದೆ. ನನ್ನ ಅವಸರದಿಂದ ಹೋಯಿತು.”

ಅವರು ಅಳಲಿಲ್ಲ, ಬೈಯಲಿಲ್ಲ. ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿ, “ಯಾವ ನಾಲ್ಕು?” ಎಂದರು. ಹೇಳಿದೆ. “ಪುಸ್ತಕ ತಾ,” ಎಂದರು.

ರಾಗ ಬರುತ್ತಿರಲಿಲ್ಲ. ಮಾತೂ ಒಂದೊಂದೇ, ನಡುವೆ ಉಸಿರು ತೆಗೆದುಕೊಂಡು. ಒಂದು ನುಡಿಗೆ ಕಾಲು ಗಂಟೆ ಹಿಡಿಯುತ್ತಿತ್ತು. ಹನ್ನೊಂದು ದಿನದಲ್ಲಿ ಎರಡು ಹಾಡಿನ ಪದಗಳು ಪೂರ್ತಿ ಸಿಕ್ಕವು. ಮೂರನೆಯದರಲ್ಲಿ ಆರು ನುಡಿ ಆದಾಗ ಅವರಿಗೆ ಎರಡನೆಯ ಸಲ ಬಡಿಯಿತು. ಆಮೇಲೆ ಅವರು ಮಾತಾಡಲಿಲ್ಲ, ಹೆಚ್ಚು ದಿನ ಉಳಿಯಲೂ ಇಲ್ಲ.

“ಎಲ್ಲ ಇದೆಯೇನೇ” ಎಂದು ಅವರು ಕೇಳಿದ ದಿನಕ್ಕೂ ನಾನು ನಿಜ ಹೇಳಿದ ದಿನಕ್ಕೂ ನಡುವೆ ಐದು ವಾರ ಇತ್ತು. ಹನ್ನೊಂದು ದಿನಕ್ಕೆ ಎರಡೂವರೆ ಹಾಡಾದರೆ ಐದು ವಾರಕ್ಕೆ ಎಷ್ಟು ಎಂಬ ಲೆಕ್ಕವನ್ನು ನಾನು ಬೇಕೆಂದು ಮಾಡುವುದಿಲ್ಲ, ಅದು ತಾನಾಗಿ ಆಗುತ್ತದೆ. ಪೆನ್ ಡ್ರೈವ್ ಎಳೆದದ್ದರಿಂದ ನಾಲ್ಕು ಹಾಡು ಹೋದವು. ಅವುಗಳಲ್ಲಿ ಒಂದೂವರೆ ಮಾತ್ರ ನನ್ನ ಸುಳ್ಳಿನಿಂದ ಹೋದದ್ದು. ನನಗೆ ಕಾಡುವುದು ಆ ಒಂದೂವರೆಯೇ.

ಈಗ ಮೂವತ್ತೇಳು ಹಾಡು, ಒಂದು ಬರೆದ ಪುಸ್ತಕ ಮೂರು ಕಡೆ ಇವೆ. ಹೊಸದಾಗಿ ಏನಾದರೂ ನಕಲು ಮಾಡಿದಾಗ ಯುಮೌಂಟ್ ಎಂದು ಬರೆದು, ತೆರೆ ಮುಂದಿನ ಸಾಲು ಕೊಡುವವರೆಗೆ ಕೈಕಟ್ಟಿ ಕೂರುತ್ತೇನೆ. ಸಾರು ಉಕ್ಕಿದರೆ ಉಕ್ಕಲಿ, ಒಲೆ ಆಮೇಲೆ ಒರೆಸಬಹುದು. ಮೊನ್ನೆ ಮೊಮ್ಮಗ ಪಕ್ಕದಲ್ಲಿ ಕೂತಿದ್ದವನು, “ಅಜ್ಜಿ, ಯಾಕೆ ಸುಮ್ನೆ ನೋಡ್ತಾ ಇದೀಯ?” ಎಂದ.

“ಕೊನೆಯ ಎಲೆಯವರ ಊಟ ಇನ್ನೂ ಆಗಿಲ್ಲ ಮಗಾ,” ಎಂದೆ.