ಚಳಿಜ್ವರದ ಮದ್ದೂ ಅದರ ಸಾಕ್ಷಿಯೂ

ಚಳಿಜ್ವರದಿಂದ ನಡುಗುವವನ ಬಳಿಗೆ ನೆರೆಯವನು ಬಂದು, “ಈ ಕಷಾಯವನ್ನು ಕುಡಿ, ನನಗೆ ಇದರಿಂದಲೇ ವಾಸಿಯಾಯಿತು” ಎಂದು ಹೇಳುವದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿದೆ. ಹೇಳುವವನು ಸುಳ್ಳುಗಾರನಲ್ಲ, ಪ್ರೀತಿಯಿಂದಲೇ ಹೇಳುತ್ತಾನೆ. ಆದರೂ ಅವನ ಮಾತು ಯಾವದಕ್ಕೆ ಸಾಕ್ಷಿಯಾಗಿದೆ ಎಂಬದನ್ನು ನಾವು ವಿಚಾರಿಸತಕ್ಕದ್ದು. ತಾನು ಕುಡಿದನೆಂಬದಕ್ಕೂ ತನ್ನ ಜ್ವರವು ಬಿಟ್ಟಿತೆಂಬದಕ್ಕೂ ಅವನು ಸಾಕ್ಷಿಯೇ ಸರಿ. ಕುಡಿದದರಿಂದಲೇ ಬಿಟ್ಟಿತೆಂಬದಕ್ಕೆ ಅವನು ಸಾಕ್ಷಿಯಾಗಲಾರನು. ಯಾಕಂದರೆ ಈ ಜ್ವರವು ಮದ್ದಿಲ್ಲದೆಯೂ ಇಳಿಯುವದು, ಮತ್ತೆ ಏರುವದು. ಕೆಲವು ತಿಂಗಳು ಅಡಗಿದ್ದು ತಿರಿಗಿ ಬರುವದೂ ಉಂಟು. ಇಳಿಯುವ ದಿನದಲ್ಲಿ ಏನನ್ನು ಕುಡಿದರೂ ಅದಕ್ಕೇ ಕೀರ್ತಿ. ಕುಡಿದು ಸತ್ತವನಾದರೋ ಬಂದು ಸಾಕ್ಷಿ ಹೇಳುವದಿಲ್ಲ.

ಹಾಗಾದರೆ ಹಿರಿಯರ ಮದ್ದೆಲ್ಲಾ ವ್ಯರ್ಥವೋ? ಎಂದಿಗೂ ಅಲ್ಲ. ಚೀನಾದೇಶದ ಸಂಗತಿಯನ್ನು ಕೇಳಿರಿ. ಸುಮಾರು 1,600 ವರುಷಗಳ ಹಿಂದೆ ಅಲ್ಲಿಯ ಗೆ ಹೊಂಗ್ ಎಂಬ ಪಂಡಿತನು, ಚಿಂಗ್‌ಹಾವೊ ಎಂಬ ಸೊಪ್ಪನ್ನು ಒಂದು ಹಿಡಿಯಷ್ಟು ನೀರಿನಲ್ಲಿ ನೆನಸಿ, ಹಿಂಡಿ, ಆ ರಸವನ್ನು ಚಳಿಜ್ವರದವರಿಗೆ ಕುಡಿಸಬೇಕೆಂದು ಬರೆದಿಟ್ಟನು. ಕ್ಲೋರೋಕ್ವಿನ್ ಮದ್ದಿಗೆ ರೋಗಾಣುಗಳು ಬಗ್ಗದೆ ಹೋಗಲಾಗಿ, 1967ರಲ್ಲಿ ಆ ದೇಶದ ಸರಕಾರವು ಹೊಸ ಮದ್ದನ್ನು ಹುಡುಕಿಸಲಾರಂಭಿಸಿತು. ತೂ ಯೂಯೂ ಎಂಬ ವಿದುಷಿಯು ಜೊತೆಗಾರರೊಂದಿಗೆ 2,000ಕ್ಕೂ ಹೆಚ್ಚು ಮದ್ದಿನ ಯೋಗಗಳನ್ನು ಶೋಧಿಸಿ, ಸುಮಾರು 200 ಗಿಡಗಳಿಂದ 380ಕ್ಕೂ ಹೆಚ್ಚು ಸಾರಗಳನ್ನು ತೆಗೆದು ಇಲಿಗಳಲ್ಲಿ ಪರೀಕ್ಷಿಸಿದರು. ಹಿರಿಯರ ಹೆಸರನ್ನು ಹೊತ್ತಿದ್ದರೂ ಹೆಚ್ಚಿನವು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಚಿಂಗ್‌ಹಾವೊ ಸಹ ಒಮ್ಮೆ ಗುಣ ತೋರಿಸಿ, ಮತ್ತೊಮ್ಮೆ ಕೈಬಿಟ್ಟಿತು. ಆಗ ಆಕೆ ಹಳೆಯ ಗ್ರಂಥವನ್ನು ತಿರಿಗಿ ಓದಿದರು. ಹಿಂಡಬೇಕೆಂದು ಅಲ್ಲಿತ್ತೇ ಹೊರತು ಕುದಿಸಬೇಕೆಂದು ಇರಲಿಲ್ಲ! ಬೆಂಕಿಯ ಕಾವಿನಿಂದಲೇ ಗುಣವು ಕೆಡುತ್ತಿರಬಹುದೆಂದು ಊಹಿಸಿ, ಈಥರ್ ಎಂಬ ದ್ರವದಿಂದ ಕಡಿಮೆ ಕಾವಿನಲ್ಲಿ ಸಾರವನ್ನು ತೆಗೆದರು. 1971ರ ಅಕ್ಟೋಬರಿನಲ್ಲಿ ಅವರ 191ನೆಯ ಸಾರವು ಇಲಿಗಳ ರಕ್ತದೊಳಗಿನ ರೋಗಾಣುಗಳನ್ನು ಪೂರ್ಣವಾಗಿ ಅಡಗಿಸಿತು. 1972ರಲ್ಲಿ ಆಕೆಯೂ ಜೊತೆಗಾರರೂ ಅದನ್ನು ಮೊದಲು ತಾವೇ ಕುಡಿದು ನೋಡಿ, ಆಮೇಲೆ ರೋಗಿಗಳಿಗೆ ಕೊಟ್ಟರು. ಇತರರಿಗೆ ಮದ್ದು ಹೇಳುವವರು ಈ ಕ್ರಮವನ್ನು ಗಮನಿಸುವದು ಒಳ್ಳೇದು. ಆ ಸೊಪ್ಪಿನ ಸತ್ವಕ್ಕೆ ಈಗ ಆರ್ಟೆಮಿಸಿನಿನ್ ಎಂದು ಹೆಸರು. 2015ರಲ್ಲಿ ಆಕೆಗೆ ನೊಬೆಲ್ ಬಹುಮಾನದ ಪಾಲು ದೊರೆಯಿತು.

ಹಾಗಾದರೆ ಆ ಸೊಪ್ಪನ್ನೇ ಮನೆಯಲ್ಲಿ ಕಾಯಿಸಿ ಕುಡಿಯಬಾರದೋ ಎಂದು ಕೇಳುವವರಿದ್ದಾರೆ. ಗಿಡದಿಂದ ಗಿಡಕ್ಕೆ ಸತ್ವವು ಹೆಚ್ಚುಕಡಿಮೆಯಾಗುವದು. ಲೋಟದೊಳಗೆ ಎಷ್ಟು ಇಳಿಯಿತೆಂದು ಯಾರೂ ಬಲ್ಲವರಲ್ಲ. ಅರೆಮದ್ದಿನಿಂದ ಕೆಲವು ರೋಗಾಣುಗಳು ಸತ್ತು, ಉಳಿದವು ತಿರಿಗಿ ಹೆಚ್ಚುವವು. ಮದ್ದಿಗೆ ಬಗ್ಗದ ಜಾತಿಯು ಹುಟ್ಟಿ ಹಬ್ಬುವದಕ್ಕೂ ದಾರಿಯಾಗುವದು. ಕಾಂಬೋಡಿಯ ದೇಶದಲ್ಲಿ ಆರ್ಟೆಮಿಸಿನಿನ್ನಿಗೂ ಬೇಗನೆ ಬಗ್ಗದ ರೋಗಾಣುಗಳು ಕಾಣಿಸಿಕೊಂಡಿವೆ. ಹೀಗಿರಲಾಗಿ ಲೋಕ ಆರೋಗ್ಯ ಸಂಸ್ಥೆಯು 2019ರಲ್ಲಿ ಈ ಸೊಪ್ಪಿನ ಕಷಾಯವನ್ನು ಮಲೇರಿಯಕ್ಕೆ ಒಪ್ಪುವದಿಲ್ಲವೆಂದು ತಿಳಿಸಿತು. ನನ್ನ ದೇಹ, ನನ್ನ ಕಷಾಯ ಎಂದು ಹೇಳಿ ಮುಗಿಸುವಂತಿಲ್ಲ. ನನ್ನನ್ನು ಕಚ್ಚಿದ ಸೊಳ್ಳೆಯೇ ನೆರೆಮನೆಯ ಕೂಸನ್ನೂ ಕಚ್ಚುವದು.

ನಮ್ಮ ನೆಲಬೇವನ್ನು ನಾವು ಹೀನೈಸುವದಿಲ್ಲ. ಚಿಂಗ್‌ಹಾವೊ ನಿಂತ ನ್ಯಾಯಸ್ಥಾನದಲ್ಲಿ ಅದೂ ನಿಲ್ಲಲಿ. ಸಿಂಕೋನದ ತೊಗಟೆ ಕಹಿಯಾದದರಿಂದ ಕಹಿಯಾದದ್ದೆಲ್ಲಾ ಜ್ವರಕ್ಕೆ ಶತ್ರುವೆಂಬದು ನ್ಯಾಯವಾದರೆ ಹಾಗಲಕಾಯಿಗೂ ವೈದ್ಯಪದವಿಯನ್ನು ಕೊಡಬೇಕಾದೀತು. ಆ ತೊಗಟೆಯ ಕಥೆಯೂ ವಿಚಿತ್ರವೇ. ಜೆಸುಯಿಟ್ ಪಾದ್ರಿಗಳು ಅದನ್ನು ಪೇರುದೇಶದಿಂದ ಯೂರೋಪಿಗೆ ತಂದದರಿಂದ, ನಮ್ಮವರೇ ಆದ ಇಂಗ್ಲೆಂಡಿನ ಪ್ರಾಟೆಸ್ಟಂಟರಲ್ಲಿ ಅನೇಕರು ಅದನ್ನು ಸಂಶಯಪಟ್ಟರು. ತಂದವರ ಮುಖ ನೋಡಿದರೇ ಹೊರತು ಮದ್ದಿನ ಗುಣವನ್ನು ನೋಡಲಿಲ್ಲ.

ಫಾಲ್ಸಿಪಾರಮ್ ಎಂಬ ಜಾತಿಯ ಮಲೇರಿಯವು ಕೂಸನ್ನು ಒಂದೆರಡು ದಿನಗಳಲ್ಲೇ ಪ್ರಾಣಾಂತಿಕ ಸ್ಥಿತಿಗೆ ತರಬಲ್ಲದು. ಆದಕಾರಣ “ಮೂರು ದಿನ ಕಷಾಯ ಕೊಟ್ಟು ನೋಡೋಣ” ಎಂಬದು ಚಿಕ್ಕ ಮಾತಲ್ಲ. ಆಶಾ ಕಾರ್ಯಕರ್ತೆಯನ್ನಾಗಲಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನಾಗಲಿ ಕೇಳಿಕೊಂಡರೆ ಬೆರಳ ತುದಿಯ ಒಂದು ಹನಿ ರಕ್ತದಿಂದ ರೋಗವು ತಿಳಿಯುವದು. ಫಾಲ್ಸಿಪಾರಮ್ ಎಂದು ಕಂಡುಬಂದರೆ ಕೊಡುವ ಮಾತ್ರೆಗಳಲ್ಲಿ ಚೀನಾದೇಶದ ಆ ಸೊಪ್ಪಿನ ಸತ್ವದಿಂದ ಮಾಡಿದ ಮದ್ದೂ ಸೇರಿದೆ. ಇಂಗ್ಲಿಷ್ ಮದ್ದು ಬೇಡ, ನಾರುಬೇರೇ ಸಾಕು ಎಂದು ಅಜ್ಜಿಯು ಹಟಮಾಡಿದರೆ ಇದನ್ನು ಆಕೆಗೆ ತಿಳಿಸಿರಿ.